ಏಳದ ಗಣಕಯಂತ್ರವನ್ನು ಎಬ್ಬಿಸುವ ಬಗೆ

ಕಾಳಿ ನದಿಯು ಸಮುದ್ರವನ್ನು ಸೇರುವೆಡೆ, ಕಾರವಾರದ ಎದುರು ದಡದಲ್ಲಿರುವ ಚಿತ್ತಾಕುಲದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯ ಅಜ್ಜ ನಿವೃತ್ತ ಉಪಾಧ್ಯಾಯರು. ಇಪ್ಪತ್ತು ವರ್ಷಗಳ ಕೆಳಗೆ ಅವರು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟ ಊರ ನೆನಪುಗಳಿಗೆ ಬೇರೆ ಪ್ರತಿಯಿಲ್ಲ. ಮಳೆಗಾಲವೆಲ್ಲ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಯಂತ್ರಕ್ಕೆ ವಿದ್ಯುತ್ತು ಕೊಟ್ಟರೆ ಒಳಗಿನ ಫ್ಯಾನು ತಿರುಗುತ್ತದೆ, ತೆರೆಯ ಮೇಲೆ ಎರಡು ಸಾಲು ಇಂಗ್ಲಿಷ್ ಮೂಡುತ್ತದೆ. ಅಲ್ಲಿಗೆ ಎಲ್ಲವೂ ನಿಲ್ಲುತ್ತದೆ. ಯಂತ್ರ ಕೆಟ್ಟಿತು, ಬರಹವೂ ಹೋಯಿತು ಎಂದು ಮನೆಯವರು ಕೈಚೆಲ್ಲುತ್ತಾರೆ. ಆದರೆ ಇವೆರಡೂ ಒಂದೇ ಮಾತಲ್ಲ.

ತೋಟದ ಪಂಪನ್ನು ನೋಡಿದವರಿಗೆ ಇದರ ಮರ್ಮ ಬೇಗ ತಿಳಿದೀತು. ನೀರೆತ್ತುವ ಪಂಪಿಗೆ ಮೊದಲು ಒಂದು ಬಿಂದಿಗೆ ನೀರನ್ನು ನಾವೇ ಹೊಯ್ಯಬೇಕಾಗುತ್ತದೆ. ಗಣಕಯಂತ್ರದ ಸ್ಥಿತಿಯೂ ಹಾಗೆಯೇ. ವಿದ್ಯುತ್ತು ನಿಂತೊಡನೆ ಅದರ ಕೆಲಸದ ಸ್ಮರಣೆಯೆಲ್ಲ ಅಳಿದುಹೋಗುತ್ತದೆ. ಮರಳಿ ಎದ್ದಾಗ ಅದಕ್ಕೆ ತಿಳಿದಿರುವುದು, ಬಯೋಸ್ ಎಂಬ ಅಳಿಯದ ಚಿಪ್ಪಿನಲ್ಲಿ ಬರೆದಿಟ್ಟಿರುವ ಸ್ವಲ್ಪ ವಿಷಯ ಮಾತ್ರ. ಅದು ಅಂಗಾಂಗಗಳನ್ನು ಪರೀಕ್ಷಿಸಿ, ಡಿಸ್ಕಿನ ಮೊತ್ತಮೊದಲ 512 ಬೈಟುಗಳನ್ನು ಓದುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಇವುಗಳ ಪೈಕಿ 446 ಬೈಟು ಪುಟ್ಟ ಕ್ರಮವಿಧಿಗೆ, 64 ಬೈಟು ಡಿಸ್ಕನ್ನು ಭಾಗಮಾಡಿದ ಪಟ್ಟಿಗೆ, ಕೊನೆಯ ಎರಡು ಬೈಟು ಗುರುತಿನ ಮುದ್ರೆಗೆ. ಈ ಪುಟ್ಟ ಕ್ರಮವಿಧಿಯು ತನಗಿಂತ ದೊಡ್ಡದನ್ನು ಕರೆಯುತ್ತದೆ. ಅದು ಇನ್ನೂ ದೊಡ್ಡದನ್ನು. ಕೊನೆಗೆ ವಿಂಡೋಸ್ ಮೊದಲಾದ ಇಡೀ ವ್ಯವಸ್ಥೆ ಎದ್ದು ನಿಲ್ಲುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಯಂತ್ರ ಏಳದು. ಹಾಗೆಂದು ಅಜ್ಜನ ಬರಹಕ್ಕೆ ಏನೂ ಆಗಿರಬೇಕೆಂದಿಲ್ಲ. ಅದು ಡಿಸ್ಕಿನ ಬೇರೆಯೇ ಜಾಗದಲ್ಲಿದೆ.

ಮೊದಲು ಸುಲಭದ ಕಾರಣಗಳನ್ನು ನೋಡಬೇಕು. ಫ್ಲಾಪಿಯೊಂದು ಒಳಗೇ ಉಳಿದಿದ್ದರೆ ಯಂತ್ರವು ಅದರಲ್ಲಿ ವ್ಯವಸ್ಥೆಯನ್ನು ಹುಡುಕಿ, ಕಾಣದೆ ನಿಂತುಬಿಡುತ್ತದೆ. (ಈ ಸಣ್ಣ ಮರೆವಿಗೆ ಹೆದರಿ ಯಂತ್ರವನ್ನು ರಿಪೇರಿಗೆ ಹೊತ್ತವರು ಎಷ್ಟೋ ಮಂದಿ!) ತೆರೆಯ ಮೇಲಿನ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿದ್ದರೆ, ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿದೆಯೆಂದು ತಿಳಿಯಬೇಕು. ಅದು ಮುಗಿದರೆ, ತನಗೆ ಯಾವ ಡಿಸ್ಕನ್ನು ಜೋಡಿಸಿದೆ ಎಂಬುದನ್ನೇ ಹಳೆಯ ಯಂತ್ರ ಮರೆಯಬಹುದು. ಕರಾವಳಿಯ ಉಪ್ಪುಗಾಳಿಗೆ ಸಂಪರ್ಕದ ಲೋಹಗಳೂ ಮಸುಕುತ್ತವೆ. ವಿದ್ಯುತ್ ತಂತಿಯನ್ನು ಕಿತ್ತ ಮೇಲೆಯೇ ಪೆಟ್ಟಿಗೆ ತೆರೆಯಬೇಕೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಇಷ್ಟಾದರೂ ಏಳದಿದ್ದರೆ ಬೂಟ್ ಡಿಸ್ಕನ್ನು ತರಬೇಕು. ಇದೇ ನೆರೆಮನೆಯ ಬಾವಿಯಿಂದ ತಂದ ಬಿಂದಿಗೆ ನೀರು. ಮೂರೂವರೆ ಅಂಗುಲದ ಫ್ಲಾಪಿಯ ಎರಡು ಮೈಗಳಲ್ಲಿ ತಲಾ 80 ವರ್ತುಲಗಳು, ವರ್ತುಲಕ್ಕೆ 18 ಖಂಡಗಳು, ಖಂಡಕ್ಕೆ 512 ಬೈಟು. ಒಟ್ಟು 14,74,560 ಬೈಟು. ಡಾಸ್ ವ್ಯವಸ್ಥೆಯನ್ನು ಎಬ್ಬಿಸಲು ಇಷ್ಟು ಧಾರಾಳ. ಆದರೆ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ, ಅದರ ಕಡತಗಳ ವಿನ್ಯಾಸವನ್ನು ಡಾಸ್ ಸಾಮಾನ್ಯವಾಗಿ ಓದಲಾರದು. ಆಗ ಲಿನಕ್ಸ್ ತುಂಬಿದ ಸಿ.ಡಿ.ಯೇ ಮೇಲು. ಯಂತ್ರ ಏಳುವಾಗಲೇ ಡಿಲೀಟ್ ಅಥವಾ ಎಫ್2 ಕೀಲಿಯೊತ್ತಿ, ಫ್ಲಾಪಿ ಇಲ್ಲವೆ ಸಿ.ಡಿ.ಯನ್ನು ಮೊದಲು ಓದುವಂತೆ ಬಯೋಸಿಗೆ ತಿಳಿಸಬೇಕು.

ಯಂತ್ರ ಎದ್ದಿತು, ಅಜ್ಜನ ಕಡತ ಕಂಡಿತು. ಇಲ್ಲಿಯೇ ಉತ್ಸಾಹಿಗಳು ಎಡವುವುದು. ಎಫ್‌ಡಿಸ್ಕ್ ಎಂಬ ಆಜ್ಞೆಗೆ ಎಂಬಿಆರ್ ಎಂದು ಸೇರಿಸಿ ಕೊಟ್ಟರೆ ಆ ಮೊದಲ ಕ್ರಮವಿಧಿ ಹೊಸದಾಗುವುದೇನೋ ನಿಜ. ಆದರೆ ಆ ಗುರುತಿನ ಮುದ್ರೆಯೇ ಅಳಿದಿದ್ದರೆ, ಅದೇ ಆಜ್ಞೆಯು ಭಾಗಗಳ ಪಟ್ಟಿಯನ್ನೂ ಸೊನ್ನೆಯಾಗಿಸಿಬಿಡುತ್ತದೆ. ಆದ್ದರಿಂದ ಮೊದಲು ನಕಲು, ಅನಂತರ ರಿಪೇರಿ. ಡಿಸ್ಕು ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ಒಡನೆ ಯಂತ್ರವನ್ನು ಆರಿಸಿ, ಬಲ್ಲವರ ಕೈಗೆ ಒಪ್ಪಿಸುವುದೇ ಲೇಸು; ಓಡಿಸಿದಷ್ಟೂ ಅದರ ಮೈ ಗೀಚಿಹೋಗುತ್ತದೆ.

ನಕಲು ಮಾಡುವಾಗ ಫಾಂಟಿನ ಕಡತವನ್ನೂ ಜೊತೆಗೆ ತೆಗೆದುಕೊಳ್ಳಬೇಕು. ಆಗಿನ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕನ್ನಡದ ಬಹುಭಾಗ ಇಂದಿನ ಯೂನಿಕೋಡಿನಲ್ಲಿಲ್ಲ. ಅದು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕೂರಿಸಿದ ಕನ್ನಡ. ಫಾಂಟಿಲ್ಲದ ಹೊಸ ಯಂತ್ರದಲ್ಲಿ ಅದು ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಕೆಟ್ಟಿತೆಂದು ಅಳಿಸಬಾರದು, ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಕ್ಕೆ ಅದನ್ನು ಕೊಟ್ಟರೆ ಅಜ್ಜನ ಮಾತುಗಳು ಮತ್ತೆ ಕನ್ನಡವಾಗಿ ಮೂಡುತ್ತವೆ.