ಗಾಡಿಗೆ ಸದ್ದು, ಮನೆಮಂದಿಗೆಲ್ಲ ತಲೆನೋವು

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ಎಕ್ಸಲೇಟರ್ ಒತ್ತಿದಾಗಲೆಲ್ಲ ಎಂಜಿನ್ ಕಡೆಯಿಂದ ‘ಟಪ್ ಟಪ್’ ಸದ್ದು. ಬೆಳಿಗ್ಗೆ ಜೋರು, ಗಾಡಿ ಕಾದ ಮೇಲೆ ಕಡಿಮೆ. ಇದನ್ನು ಡಾಕ್ಟರಿಗೆ ಬರೆಯಲು ಕಾರಣವಿದೆ. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟರೆ ಸವದತ್ತಿ ಮುಟ್ಟುವಷ್ಟರಲ್ಲಿ ನನಗೂ ಹೆಂಡತಿಗೂ ಮಕ್ಕಳಿಗೂ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ. ಗುಡ್ಡದ ಮೇಲೆ ಓಡಾಡಿದರೆ ತಾನೇ ಇಳಿಯುತ್ತದೆ. ಪಿತ್ತದ ಗುಳಿಗೆ ನುಂಗಿದ್ದಾಯಿತು, ಕಣ್ಣು ತೋರಿಸಿದ್ದಾಯಿತು. ತಲೆಯ ಸ್ಕ್ಯಾನ್ ಮಾಡಿಸಬೇಕೆ?
– ಓದುಗರು, ಬೈಲಹೊಂಗಲ

ಉತ್ತರ: ಸ್ಕ್ಯಾನ್ ಸದ್ಯಕ್ಕೆ ಬೇಡ. ಮೊದಲು ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ. ಅಲ್ಲಿಯವರೆಗೆ ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ.

ಪಿತ್ತ ಎಂದಾಗಲಿ, ಪ್ರಯಾಣದ ವಾಂತಿ ಎಂದಾಗಲಿ ನಾನು ಒಪ್ಪುವುದಿಲ್ಲ. ಪ್ರಯಾಣದ ವಾಂತಿ ಮನೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಸ್ಟೇರಿಂಗ್ ಹಿಡಿದವನಿಗೆ ಬರುವುದು ತೀರ ಅಪರೂಪ. ನಿಮ್ಮಲ್ಲಿ ಎಲ್ಲರಿಗೂ ಏಕಕಾಲಕ್ಕೆ ತಲೆನೋವು. ಜ್ವರವಿಲ್ಲ, ಕೆಳಗಿಳಿದರೆ ಗುಣ. ಇದಕ್ಕೆ ಆ ಸದ್ದನ್ನು ಸೇರಿಸಿದರೆ ನನ್ನ ಅನುಮಾನ ಒಂದೇ: ಎಂಜಿನ್ನಿನ ಹೊಗೆ ಒಳಗೆ ಬರುತ್ತಿದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊರಗಿನ ಗಾಳಿಗೆ ಬಂದರೂ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು.

ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬಹಳ ಮನೆಗಳಲ್ಲಿದೆ. ಇಲ್ಲಿ ಅದನ್ನು ನಂಬಬೇಡಿ. ಈ ಅನಿಲ ಹತ್ತಿದ ರಕ್ತವನ್ನೂ ಅದು ಒಳ್ಳೆಯ ರಕ್ತವೆಂದೇ ಓದಿ 98 ತೋರಿಸೀತು. ಖಚಿತವಾಗಬೇಕಾದರೆ ಕಾರಿನಿಂದ ಇಳಿದ ಕೂಡಲೇ ರಕ್ತ ಕೊಟ್ಟು ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಅದು ಸಿಗುತ್ತದೆ.

ಇನ್ನು ಸದ್ದಿನ ಮಾತು. ರೋಗಿಗೆ ಕೇಳುವುದನ್ನೇ ಗಾಡಿಗೂ ಕೇಳಬೇಕು: ಯಾವಾಗ ಬರುತ್ತದೆ, ಯಾವುದರಿಂದ ಹೆಚ್ಚುತ್ತದೆ? ಎಕ್ಸಲೇಟರ್ ಬಿಟ್ಟು ಗಾಡಿಯನ್ನು ಹಾಗೇ ಉರುಳಲು ಬಿಟ್ಟಾಗಲೂ ‘ಹೂಂ’ ಎಂಬ ಸದ್ದು ನಿಲ್ಲದೆ, ವೇಗದ ಜೊತೆ ಏರಿಳಿದರೆ ಗಾಲಿಯ ಬೇರಿಂಗ್ ಅಥವಾ ಟಯರ್ ನೋಡಿಸಬೇಕು. ತಿರುವಿನಲ್ಲಿ ‘ಕಟಕಟ’ ಎಂದರೆ ಮುಂದಿನ ಆಕ್ಸಲ್ಲಿನ ಜಾಯಿಂಟ್. ರೇಸ್ ಕೊಟ್ಟಾಗ ‘ಕಿರ್ರ್’ ಎಂದರೆ ಹೆಚ್ಚಾಗಿ ಬೆಲ್ಟ್. ಇವು ಮೆಕ್ಯಾನಿಕ್ಕಿನ ಪಾಲಿಗಿರಲಿ. ತಣ್ಣಗಿದ್ದಾಗ ಜೋರಾಗಿ ಬಂದು, ಕಾದಂತೆ ತಗ್ಗುವ ನಿಮ್ಮ ‘ಟಪ್ ಟಪ್’ ಮಾತ್ರ ಹೊಗೆ ಸೋರುವುದರ ಲಕ್ಷಣ. ಎಂಜಿನ್ನಿಗೂ ಹೊಗೆಯ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟಿರಬಹುದು, ಮ್ಯಾನಿಫೋಲ್ಡೇ ಸೀಳಿರಬಹುದು. ಕಾದಾಗ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ಇಳಿಯುತ್ತದೆ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲೇ ಸೋರುವುದರಿಂದ ಅದರಲ್ಲಿ ವಿಷ ಹೆಚ್ಚು.

ಗಾಡಿಯನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಓಡಿಸಿಕೊಂಡು ಹೋಗಿ ನಿಲ್ಲಿಸಿದರೆ ಸದ್ದು ಅಡಗಿರುತ್ತದೆ. ಬೆಳಿಗ್ಗೆ ಶುರು ಮಾಡಿದ ಕೂಡಲೇ ಜೋಡಣೆಗಳ ಮೇಲೆ ಸಾಬೂನು ನೀರು ಹಾಕಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ, ಅಕ್ಕಪಕ್ಕ ಕಪ್ಪು ಮಸಿಯೂ ಕಾಣುತ್ತದೆ. ಸೈಲೆನ್ಸರನ್ನೂ ನೋಡಿಸಿ. ಊರೊಳಗೇ ಅಷ್ಟಿಷ್ಟು ಓಡಾಡುವ ಗಾಡಿಯ ಸೈಲೆನ್ಸರಿನೊಳಗೆ ನೀರು ಆರದೆ ಉಳಿದು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಎರೆಮಣ್ಣಿನ ಕೆಸರು ಮೆತ್ತಿಕೊಂಡಿರುತ್ತದೆ. ಬಾಗಿಲು ಮತ್ತು ಡಿಕ್ಕಿಯ ರಬ್ಬರ್ ಹರಿದಿದ್ದರೆ ಬದಲಿಸಿ. ಸಾಮಾನು ಹೆಚ್ಚಾಯಿತೆಂದು ಡಿಕ್ಕಿ ತೆರೆದೇ ಓಡಿಸುವ ರೂಢಿ ಬಿಡಿ, ಹಿಂದಿನ ಹೊಗೆ ಒಳಗೆ ನುಗ್ಗಲು ಅದೊಂದೇ ಸಾಕು. ಮನೆಯಲ್ಲಿ ಬಸುರಿಯರಿದ್ದರೆ ಒಂದು ದಿನವೂ ತಡ ಮಾಡಬಾರದು, ಈ ಅನಿಲ ತಾಯಿಗಿಂತ ಹೊಟ್ಟೆಯ ಕೂಸಿಗೆ ಹೆಚ್ಚು ಅಪಾಯಕಾರಿ.

ಗಾಡಿ ರಿಪೇರಿಯಾದ ಮೇಲೂ ತಲೆನೋವು ಬಂದರೆ ಆಗ ಸ್ಕ್ಯಾನಿನ ವಿಚಾರ ಮಾಡೋಣ.

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತೇನೆ, ಸ್ಪೀಕರೂ ಹಚ್ಚಿದ್ದೇನೆ. ರಾತ್ರಿ ಮಲಗಿದರೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆ. ಎಣ್ಣೆ ಬಿಡಲೇ?
– ಓದುಗರು, ರಾಮದುರ್ಗ

ಉತ್ತರ: ಎಣ್ಣೆ ಬೇಡ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಸದ್ದು ಚಾಲಕನ ಕಿವಿಯಲ್ಲಿ ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ದಿನಕ್ಕೆ ಎಂಟು ತಾಸು 85ರ ಸದ್ದು ಕೇಳಿದರೂ ವರ್ಷಗಳು ಕಳೆದಂತೆ ಕಿವಿ ಕೆಡುತ್ತದೆ. ಎಂಜಿನ್ನಿನ ಸದ್ದು ಕೇಳದಿರಲೆಂದು ನೀವು ಅದಕ್ಕಿಂತ ಜೋರಾಗಿ ಹಾಡು ಹಚ್ಚುತ್ತೀರಿ! ಒಳಗಿವಿಯ ಕೂದಲಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಣ್ಣ, ಚೂಪು ದನಿ. ಸವೆದ ಬ್ರೇಕ್ ಪ್ಯಾಡಿನ ಕಿರುಗುಡುವಿಕೆಯೂ ಅಂಥದ್ದೇ, ಅದು ನಿಮಗೆ ಕೇಳದೆ ಹೋದೀತು. ಸ್ಪೀಕರ್ ಇಳಿಸಿ, ಔಷಧದ ಅಂಗಡಿಯಲ್ಲಿ ಇಯರ್‌ಪ್ಲಗ್ ಕೊಳ್ಳಿ, ಆಡಿಯೊಮೆಟ್ರಿ ಮಾಡಿಸಿ. ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಹಂಗಾಮು ಮುಗಿಯಲಿ ಎಂದು ಕಾಯದೆ ಅಂದೇ ಕಿವಿ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಬಾಡಿಗೆ ಕಾರು ಓಡಿಸುತ್ತೇನೆ. ಜಾತ್ರೆಯಲ್ಲಿ ಮಂದಿ ದರ್ಶನ ಮುಗಿಸಿ ಬರುವತನಕ ಎಸಿ ಹಾಕಿಕೊಂಡು ಒಳಗೇ ಮಲಗುತ್ತೇನೆ. ಗಾಡಿ ಸದ್ದು ಮಾಡುವುದಿಲ್ಲ, ಹೆದರಿಕೆ ಇಲ್ಲವಲ್ಲ?
– ಓದುಗರು, ಕಿತ್ತೂರು

ಉತ್ತರ: ಇದೆ. ಹೊಗೆ ಸೋರಲು ಸದ್ದು ಬರಲೇಬೇಕೆಂದಿಲ್ಲ. ಸಾಲಾಗಿ ನಿಂತ ಪಕ್ಕದ ಗಾಡಿಯ ಹೊಗೆಯೂ ಒಳಗೆ ಬರಬಹುದು. ನಿದ್ದೆಯಲ್ಲಿದ್ದವನಿಗೆ ತಲೆನೋವು ತಿಳಿಯದು, ನೇರವಾಗಿ ಪ್ರಜ್ಞೆ ತಪ್ಪುತ್ತದೆ. ಎಂಜಿನ್ ಆರಿಸಿ, ಕಿಟಕಿ ಇಳಿಸಿ ಮಲಗಿ. ನೆರಳಿದ್ದರೆ ಹೊರಗೇ ಮಲಗುವುದು ಮೇಲು. ಯಾರಾದರೂ ಹೀಗೆ ಎಚ್ಚರ ತಪ್ಪಿದ್ದು ಕಂಡರೆ ಹೊರಗೆಳೆದು 108ಕ್ಕೆ ಕರೆ ಮಾಡಿ. ಗಾಡಿಯ ಹೊಗೆ ಕುಡಿದಿದ್ದಾರೆ ಎಂಬುದನ್ನು ಮೊದಲೇ ಹೇಳಿದರೆ ಆಮ್ಲಜನಕ ಕೂಡಲೇ ಶುರುವಾಗುತ್ತದೆ.