ಒಂದೇ ಹೆಸರು, ಎರಡು ಹಡಗು

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಇರಬಹುದು. ನೌಕಾಪಡೆಯಲ್ಲಿ ಹಾಗಲ್ಲ. ಹಳೆಯ ಹಡಗು ನಿವೃತ್ತವಾದ ಮೇಲೆಯೇ ಅದರ ಹೆಸರನ್ನು ಹೊಸದಕ್ಕೆ ಇಡುತ್ತಾರೆ. 'ವಿಕ್ರಾಂತ್' ಅಂಥ ಹೆಸರು. ಪರಾಕ್ರಮಿ ಎಂದು ಅದರ ಅರ್ಥ.

ಮೊದಲ ವಿಕ್ರಾಂತ್ ಬ್ರಿಟನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ಹಡಗು. ಭಾರತ ಅದನ್ನು 1957ರಲ್ಲಿ ಕೊಂಡು, 1961ರಲ್ಲಿ ಸೇವೆಗೆ ಸೇರಿಸಿತು. ಇದು ವಿಮಾನಗಳನ್ನು ಹೊತ್ತು ಸಾಗುವ ಹಡಗು.

ಸುಮಾರು 213 ಮೀಟರ್ ಉದ್ದದ ಹಡಗಿನಿಂದ ವಿಮಾನ ಹಾರುವುದು ಹೇಗೆ? ರೆಕ್ಕೆಗಳ ಮೇಲೆ ಗಾಳಿ ವೇಗವಾಗಿ ಹರಿದರೆ ಮಾತ್ರ ವಿಮಾನ ಮೇಲೇಳುತ್ತದೆ. ಅದಕ್ಕಾಗಿ ಹಡಗು ಗಾಳಿಗೆ ಎದುರಾಗಿ ಜೋರಾಗಿ ಸಾಗಬೇಕು. ಜೊತೆಗೆ, ಹಬೆಯಿಂದ ನಡೆಯುವ ಯಂತ್ರವೊಂದು ವಿಮಾನವನ್ನು ಕವಣೆಯ ಕಲ್ಲಿನಂತೆ ಮುಂದಕ್ಕೆ ಎಸೆಯುತ್ತಿತ್ತು. 1971ರ ಯುದ್ಧದ ಹೊತ್ತಿಗೆ, ಹಬೆ ತಯಾರಿಸುವ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಹಬೆ ಕಡಿಮೆಯಾದರೆ ಹಡಗಿನ ವೇಗ ಕಡಿಮೆ, ಎದುರುಗಾಳಿಯೂ ಕಡಿಮೆ! ಎಂಥ ಪೇಚು ನೋಡಿ. ಆದರೂ ಹಡಗು ಬಂಗಾಳ ಕೊಲ್ಲಿಗೆ ಹೋಯಿತು. ಡಿಸೆಂಬರ್ 4ರಂದು ಅದರಿಂದ ಹಾರಿದ ಸೀ ಹಾಕ್ ವಿಮಾನಗಳು, ಈಗ ಬಾಂಗ್ಲಾದೇಶದಲ್ಲಿರುವ ಕಾಕ್ಸ್ ಬಜಾರ್‌ನ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದವು.

1997ರಲ್ಲಿ ನಿವೃತ್ತವಾದ ಈ ಹಡಗು ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿತ್ತು. 2014ರಲ್ಲಿ ಅದನ್ನು ಒಡೆಯಲು ತೊಡಗಿದರು.

ಎರಡನೆಯ ವಿಕ್ರಾಂತ್ ಕೊಚ್ಚಿಯಲ್ಲಿ ತಯಾರಾಗಿ, 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿತು. ಉದ್ದ 262 ಮೀಟರ್. ಇದನ್ನು ನಡೆಸುವುದು ಹಬೆಯಲ್ಲ, ನಾಲ್ಕು ಗ್ಯಾಸ್ ಟರ್ಬೈನ್‌ಗಳು. ಕವಣೆ ಯಂತ್ರವೂ ಇಲ್ಲ. ಹಡಗಿನ ಮುಂತುದಿ ದಿಬ್ಬದಂತೆ ಮೇಲಕ್ಕೆ ಬಾಗಿದೆ. ಓಡಿಬಂದ ವಿಮಾನ ಅಲ್ಲಿಂದ ಆಕಾಶಕ್ಕೆ ಚಿಮ್ಮುತ್ತದೆ. ಹೆಸರಷ್ಟೇ ಅಲ್ಲ, 'ಆರ್ 11' ಎಂಬ ಸಂಖ್ಯೆಯೂ ಹಳೆಯ ಹಡಗಿನದೇ.