ಎಲ್ಮಿನಾ ಕೋಟೆ

ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿಯಾದ ಅಕ್ರಾದಿಂದ ಕಡಲ ತೀರವನ್ನು ಹಿಡಿದು ಪಡುವಣಕ್ಕೆ ಸುಮಾರು 150 ಕಿಲೋಮೀಟರು ಸಾಗಿದರೆ ಎಲ್ಮಿನಾ ಎಂಬ ಊರು ಎದುರಾಗುತ್ತದೆ. ತೆಂಗಿನ ಮರಗಳ ಸಾಲು, ಮೀನಿನ ವಾಸನೆ, ಬಣ್ಣ ಬಳಿದ ಉದ್ದನೆಯ ದೋಣಿಗಳು. ನಮ್ಮ ಕರಾವಳಿಯನ್ನು ಕಂಡವನಿಗೆ ಇವು ಹೊಸವೆನಿಸುವುದಿಲ್ಲ. ಈ ದೋಣಿಗಳ ಆಚೆಗೆ, ಅಟ್ಲಾಂಟಿಕ್ ಸಾಗರದ ಅಲೆಗಳು ಬಂದು ಬಡಿಯುವ ಬಂಡೆಗಳ ಮೇಲೆ, ಸುಣ್ಣ ಬಳಿದ ಬೆಳ್ಳನೆಯ ಕೋಟೆಯೊಂದು ನಿಂತಿದೆ. ದೂರದಿಂದ ನೋಡಿದ ಪ್ರವಾಸಿಗೆ ಅದು ಸುಂದರವಾಗಿಯೇ ತೋರುತ್ತದೆ.

ಪೋರ್ಚುಗೀಸರು ಈ ತೀರಕ್ಕೆ ಬಂದುದು 1471ರಲ್ಲಿ. ಇಲ್ಲಿ ದೊರೆಯುತ್ತಿದ್ದ ಚಿನ್ನವನ್ನು ಕಂಡು ಅವರು ಈ ಪ್ರದೇಶವನ್ನು ‘ಗಣಿ’ ಎಂಬ ಅರ್ಥದ ಹೆಸರಿನಿಂದ ಕರೆದರು. 1482ರಲ್ಲಿ ದಿಯೊಗೊ ದ ಅಜಾಂಬುಜ ಎಂಬ ನಾಯಕನು ಹಡಗುಗಳಲ್ಲಿ ಕಲ್ಲು, ಮರ, ಕುಶಲ ಕೆಲಸಗಾರರನ್ನು ತುಂಬಿಕೊಂಡು ಬಂದು, ಕೋಟೆ ಕಟ್ಟಲು ನೆಲವನ್ನು ಕೇಳಿದನು. ಸ್ಥಳೀಯ ಒಡೆಯನಿಗೆ ಅದು ಒಪ್ಪಿಗೆಯಾಗಲಿಲ್ಲ. ಆಗಾಗ ಬಂದು ಹೋಗುವ ಗೆಳೆಯರೇ ಲೇಸು, ಮಗ್ಗುಲಲ್ಲೇ ನೆಲೆಸಿದರೆ ಮನಸ್ತಾಪ ಹುಟ್ಟುವುದೆಂಬ ಅರ್ಥದ ಮಾತನ್ನು ಅವನು ಆಡಿದನೆಂದು ಪೋರ್ಚುಗೀಸ್ ಚರಿತ್ರಕಾರರೇ ಬರೆದಿದ್ದಾರೆ. ಜನರು ಪವಿತ್ರವೆಂದು ಭಾವಿಸಿದ್ದ ಬಂಡೆಯನ್ನು ಒಡೆಯತೊಡಗಿದಾಗ ಜಗಳವೂ ಆಯಿತು. ಕಾಣಿಕೆಗಳನ್ನಿತ್ತು ಅವರನ್ನು ಸಮಾಧಾನಪಡಿಸಿ ಕೋಟೆಯನ್ನು ಎಬ್ಬಿಸಲಾಯಿತು.

ಮೊದಲು ಇಲ್ಲಿ ನಡೆದುದು ಮುಖ್ಯವಾಗಿ ಚಿನ್ನದ ವ್ಯಾಪಾರ. 1637ರಲ್ಲಿ ಡಚ್ಚರು ಎದುರಿನ ಗುಡ್ಡಕ್ಕೆ ಫಿರಂಗಿಗಳನ್ನು ಎಳೆದೊಯ್ದು ಗುಂಡು ಹಾರಿಸಿ ಕೋಟೆಯನ್ನು ವಶಪಡಿಸಿಕೊಂಡರು. ಮುಂದೆ ಮನುಷ್ಯರೇ ಇಲ್ಲಿಯ ಸರಕಾದರು. ಒಳನಾಡಿನಲ್ಲಿ ಸೆರೆ ಸಿಕ್ಕವರನ್ನು ಆಫ್ರಿಕದ ವ್ಯಾಪಾರಿಗಳೇ ಸಂಕೋಲೆ ತೊಡಿಸಿ ಈ ತೀರಕ್ಕೆ ನಡೆಸಿ ತರುತ್ತಿದ್ದರು. ಅವರಿಗೆ ಬದಲಾಗಿ ಕೊಡುತ್ತಿದ್ದ ಬಂದೂಕು, ಮದ್ಯ, ಲೋಹದ ಪಾತ್ರೆಗಳ ಜೊತೆಯಲ್ಲಿ ಭಾರತದ ಹತ್ತಿಯ ಬಟ್ಟೆಯೂ ಇತ್ತು. ಗುಜರಾತಿನಲ್ಲೋ ಕೋರಮಂಡಲ ತೀರದಲ್ಲೋ ಮಗ್ಗದ ಮುಂದೆ ಕುಳಿತ ನೇಕಾರನಿಗೆ ತನ್ನ ಬಟ್ಟೆಗೆ ಎಂತಹ ಬೆಲೆ ತೆರಲಾಗುತ್ತಿದೆ ಎಂಬುದು ಹೇಗೆ ತಿಳಿಯಬೇಕು!

ಕೋಟೆಯ ಒಳಗೆ ಕಾಲಿಟ್ಟ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ವಿಶಾಲವಾದ ಅಂಗಳ, ಅದರ ನಡುವೆ ಪೋರ್ಚುಗೀಸರ ಇಗರ್ಜಿಯ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಗವರ್ನರನ ಕೋಣೆಗಳಿವೆ. ಅಲ್ಲಿ ಗಾಳಿಯೂ ಬೆಳಕೂ ಧಾರಾಳ. ಕೆಳಗಿನ ಸೆರೆಕೋಣೆಗಳಿಗೆ ಇಳಿದಾಗ ಉಸಿರು ಕಟ್ಟುತ್ತದೆ. ಕಿಟಕಿಗಳೆಂದರೆ ಗೋಡೆಯ ಮೇಲ್ತುದಿಯ ಸಣ್ಣ ಕಿಂಡಿಗಳಷ್ಟೆ. ಹಡಗು ಬರುವವರೆಗೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ನೂರಾರು ಜನರು ಈ ಕತ್ತಲೆಯಲ್ಲಿ ಮಲಮೂತ್ರಗಳ ನಡುವೆಯೇ ಬಿದ್ದಿರಬೇಕಾಗಿತ್ತು. ಹೆಂಗಸರ ಸೆರೆಯ ಅಂಗಳದ ಮೇಲೆ ಒಂದು ಮೊಗಸಾಲೆಯಿದೆ. ಗವರ್ನರನು ಅಲ್ಲಿ ನಿಂತು ಕೆಳಗಿನವರಲ್ಲಿ ಒಬ್ಬಳನ್ನು ಆರಿಸುತ್ತಿದ್ದನೆಂದೂ, ಒಪ್ಪದವಳನ್ನು ಬಿಸಿಲಿನಲ್ಲಿ ಕಬ್ಬಿಣದ ಗುಂಡಿಗೆ ಬಿಗಿಯುತ್ತಿದ್ದರೆಂದೂ ಮಾರ್ಗದರ್ಶಕರು ತೋರಿಸಿ ಹೇಳುತ್ತಾರೆ. ಆ ಮಾತನ್ನು ಕೇಳಿದ ಮೇಲೆ ಪ್ರವಾಸಿಗೆ ಬಿಳಿಯ ಗೋಡೆಗಳು ಮೊದಲಿನಂತೆ ಕಾಣುವುದಿಲ್ಲ.

ಇನ್ನೊಂದು ಬಾಗಿಲಿನ ಮೇಲೆ ತಲೆಬುರುಡೆಯ ಚಿತ್ರವನ್ನು ಕೆತ್ತಲಾಗಿದೆ. ಎದುರು ನಿಂತ ಸೆರೆಯಾಳುಗಳನ್ನು ಅದರೊಳಗೆ ತಳ್ಳಿ ಅನ್ನನೀರಿಲ್ಲದೆ ಸಾಯಲು ಬಿಡುತ್ತಿದ್ದರಂತೆ. ಸೆರೆಕೋಣೆಗಳ ಕೊನೆಯಲ್ಲಿ ಕಡಲಿಗೆ ತೆರೆದಿರುವ ಸಣ್ಣ ದ್ವಾರವೊಂದುಂಟು. ಒಬ್ಬೊಬ್ಬರಾಗಿಯೇ ನುಸುಳಬೇಕಾದಷ್ಟು ಕಿರಿದು. ‘ಮರಳಿ ಬಾರದ ಬಾಗಿಲು’ ಎಂದು ಅದರ ಹೆಸರು. ಇದನ್ನು ದಾಟಿದವರು ದೋಣಿಗಳಿಂದ ಹಡಗನ್ನೇರಿ, ಬ್ರೆಜಿಲ್, ಸುರಿನಾಮ್, ಕೆರಿಬಿಯನ್ ದ್ವೀಪಗಳ ತೋಟಗಳಿಗೆ ಸಾಗಿದರು. ಆಫ್ರಿಕದ ಇಂತಹ ಹಲವು ತೀರಗಳಿಂದ ಒಟ್ಟು ಸುಮಾರು 1 ಕೋಟಿ 25 ಲಕ್ಷ ಜನರನ್ನು ಅಟ್ಲಾಂಟಿಕ್ಕಿನಾಚೆಗೆ ಸಾಗಿಸಲು ಹಡಗೇರಿಸಲಾಯಿತೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಹತ್ತಾರು ಲಕ್ಷ ಜನ ದಾರಿಯಲ್ಲಿಯೇ ಅಸುನೀಗಿದರು.

ಡಚ್ಚರು 1814ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದರು. 1872ರಲ್ಲಿ ಕೋಟೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಅಸಾಂಟೆ ಜನರ ಅರಸನಾದ ಪ್ರೆಂಪೆಯನ್ನು ದೇಶಾಂತರಕ್ಕೆ ಕಳುಹಿಸುವ ಮುನ್ನ ಬ್ರಿಟಿಷರು ಸೆರೆಯಿಟ್ಟುದೂ ಇಲ್ಲಿಯೇ. 1957ರಲ್ಲಿ ಘಾನಾ ಸ್ವತಂತ್ರವಾಯಿತು. 1979ರಲ್ಲಿ ಯುನೆಸ್ಕೋ ಈ ತೀರದ ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಮುದ್ರದಾಚೆಗೆ ಒಯ್ಯಲ್ಪಟ್ಟವರ ಮರಿಮಕ್ಕಳ ಮಕ್ಕಳು ಇಂದು ಅಮೆರಿಕದಿಂದ ಇಲ್ಲಿಗೆ ಬರುತ್ತಾರೆ. ಹೂಮಾಲೆಗಳನ್ನು ನೆಲದ ಮೇಲಿಟ್ಟು, ಆ ಕಿರುಬಾಗಿಲಿನ ಮುಂದೆ ಮಾತಿಲ್ಲದೆ ನಿಲ್ಲುತ್ತಾರೆ. ಹೊರಗೆ ಬೆಸ್ತರು ಬಲೆಗಳನ್ನು ಬಿಡಿಸುತ್ತಿರುತ್ತಾರೆ. ಅಲೆಗಳ ಸದ್ದು ಒಳಗಿನ ಕತ್ತಲೆಯವರೆಗೂ ಕೇಳಿಸುತ್ತಿರುತ್ತದೆ.